ಬಡಾವಣೆಯ ಪಾರ್ಕು ವಿಪತ್ತಿನ ದಿನವೂ ಒದಗಬೇಕೆಂದರೆ ಏನು ಮಾಡಬೇಕು?

ಭೂಕಂಪ, ನೆರೆ, ಬೆಂಕಿಯ ಸುದ್ದಿ ಬಂದಾಗಲೆಲ್ಲ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ: “ನಮ್ಮ ಬಡಾವಣೆಯಲ್ಲಿ ಒಂದು ಪಾರ್ಕಿದೆ. ಅನಾಹುತವಾದರೆ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಅದಕ್ಕಾಗಿ ಏನೇನು ತರಿಸಿ ಇಡಬೇಕು?” ತರಿಸುವುದಕ್ಕೆ ಮೊದಲು ಅಳೆಯುವುದು, ತೆರವು ಮಾಡುವುದು, ಕೂತು ಒಪ್ಪಂದಕ್ಕೆ ಬರುವುದು ಬೇಕಾದಷ್ಟಿದೆ. ಹಾಗಾಗಿ ಸೌರದೀಪದಂಥ ಸಾಮಗ್ರಿಗಳ ಮಾತು ಈ ಲೇಖನದಲ್ಲಿ ಬಹಳ ತಡವಾಗಿ ಬರುತ್ತದೆ. ಬೇಕೆಂದೇ ಹಾಗೆ ಜೋಡಿಸಿದ್ದೇನೆ.

ಜನ ಅಲ್ಲಿಗೆ ಓಡುತ್ತಾರೆ ಎಂಬುದಂತೂ ನಿಜ. 1906ರ ಭೂಕಂಪ ಮತ್ತು ಬೆಂಕಿಯ ನಂತರ ಸ್ಯಾನ್ ಫ್ರಾನ್ಸಿಸ್ಕೊದ ಜನ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಬಿಡಾರ ಹೂಡಿದರು. 2015ರ ಏಪ್ರಿಲ್ 25ರಂದು ನೇಪಾಳ ನಡುಗಿದಾಗ ಕಠ್ಮಂಡುವಿನ ನಡುವಿನ ಟುಂಡಿಖೇಲ್ ಮೈದಾನ ಡೇರೆ, ಟಾರ್ಪಾಲುಗಳಿಂದ ತುಂಬಿತು. ಗೋಡೆ ಬಿರಿದ ಮನೆಯಿಂದ ಹೊರಬಿದ್ದವರು ತಮಗೆ ಗೊತ್ತಿರುವ ಬಯಲನ್ನೇ ಹುಡುಕಿಕೊಂಡು ಹೋಗುತ್ತಾರೆ. ಹೇಗೂ ಬರುವ ಅವರಿಗೆ ಆ ಬಯಲೇ ಅಪಾಯವಾಗಬಾರದು. ವಿನ್ಯಾಸ ಶುರುವಾಗಬೇಕಾದದ್ದು ಅಲ್ಲಿಂದ.

ನಿವಾಸಿಗಳ ಸಂಘದವರು, ಪಾರ್ಕುಗಳನ್ನು ನಿರ್ವಹಿಸುವ ಸಿಬ್ಬಂದಿ, ಭೂದೃಶ್ಯ ವಿನ್ಯಾಸ ಕಲಿಯುತ್ತಿರುವವರು, ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಕೆಲಸಕ್ಕೆ ಮೊದಲು ಕೈಯಲ್ಲಿ ಇರಬೇಕಾದವು

ಅಳತೆ ಸಹಿತವಾದ ಪಾರ್ಕಿನ ನಕ್ಷೆ. ನೆಲದ ಯಾವ ಭಾಗ ಎತ್ತರ, ಯಾವುದು ತಗ್ಗು ಎಂದು ಗೆರೆಗಳಲ್ಲಿ ತೋರಿಸುವ ಮಟ್ಟದ ನಕ್ಷೆ. ನೆಲದಡಿ ಹಾದುಹೋಗುವ ನೀರು, ಒಳಚರಂಡಿ, ವಿದ್ಯುತ್, ಅನಿಲ ಮಾರ್ಗಗಳ ವಿವರ. ಸುತ್ತಲಿನ ಅರ್ಧ ಕಿಲೋಮೀಟರಿನಲ್ಲಿ ಎಷ್ಟು ಜನರಿದ್ದಾರೆ, ಅವರಲ್ಲಿ ನಡೆಯಲಾರದವರು ಎಷ್ಟು ಎಂಬ ಅಂದಾಜು. ಇವುಗಳ ಜೊತೆಗೆ, ನಿಮ್ಮೊಡನೆ ಒಂದು ಗಂಟೆ ಪಾರ್ಕಿನೊಳಗೆ ಸುತ್ತಾಡಲು ಒಪ್ಪುವ ಅಗ್ನಿಶಾಮಕ ಠಾಣೆಯ ಅಧಿಕಾರಿ. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಕ್ಷೆಯಲ್ಲಿ ಕಾಣದ ಹತ್ತು ತೊಡಕುಗಳು ಆ ಒಂದು ಸುತ್ತಿನಲ್ಲಿ ಕಾಣುತ್ತವೆ.

ಹಂತ 1: ಯಾವ ವಿಪತ್ತು, ಯಾವ ಪಾತ್ರ?

ಒಂದೇ ಪಾರ್ಕು ಎಲ್ಲ ಸಂಕಟಗಳಿಗೂ ಒದಗುವುದಿಲ್ಲ. ಮಳೆನೀರು ತುಂಬಿಕೊಳ್ಳಲೆಂದು ತಗ್ಗಿಸಿದ ಬಯಲಿನಲ್ಲಿ ನೆರೆಯ ರಾತ್ರಿ ಡೇರೆ ಹಾಕಲಾಗದು. ಬಿಸಿಲಿನಿಂದ ಕಾಪಾಡುವ ದಟ್ಟ ತೋಪಿನಲ್ಲಿ ಸಾವಿರಾರು ಜನ ಗುಂಪುಗೂಡಲಾಗದು. ಆದ್ದರಿಂದ ನಿಮ್ಮ ಪ್ರದೇಶಕ್ಕೆ ಹೆಚ್ಚು ಸಂಭವವಿರುವ ವಿಪತ್ತುಗಳನ್ನು ಬರೆದುಕೊಂಡು, ಪ್ರತಿಯೊಂದಕ್ಕೂ ಪಾರ್ಕಿನ ಪಾತ್ರವನ್ನು ಈ ಮೂರರಲ್ಲಿ ಒಂದಾಗಿ ಗುರುತಿಸಿ. ಮೊದಲನೆಯದು ಸೇರುತಾಣ, ಅಂದರೆ ಕೆಲವು ಗಂಟೆಗಳ ಮಟ್ಟಿಗೆ ಜನ ಬಂದು ನಿಲ್ಲುವ ಜಾಗ. ಎರಡನೆಯದು ಶಿಬಿರ, ದಿನಗಟ್ಟಲೆ ವಾಸ. ಮೂರನೆಯದು ನೆಲೆ, ಅಂದರೆ ರಕ್ಷಣಾ ತಂಡ, ಲಾರಿ, ಸಾಮಗ್ರಿಗಳು ಬಂದಿಳಿಯುವ ಸ್ಥಳ.

2010ರಲ್ಲಿ ತೆರೆದ ಟೋಕಿಯೊದ ರಿಂಕಾಯ್ ವಿಪತ್ತು ನಿರ್ವಹಣಾ ಪಾರ್ಕು 13.2 ಹೆಕ್ಟೇರ್ ವಿಸ್ತಾರದ್ದು. ಇಷ್ಟು ದೊಡ್ಡದಾದರೂ ಅದನ್ನು ರೂಪಿಸಿದ್ದು ಜನರ ಶಿಬಿರವಾಗಿ ಅಲ್ಲ, ಪರಿಹಾರ ಕಾರ್ಯವನ್ನು ಹೊಂದಿಸುವ ಕೇಂದ್ರವಾಗಿ. ಶಿಬಿರ ಮತ್ತು ಲಾರಿ ನಿಲ್ದಾಣ ಒಂದೇ ಬಯಲಿನಲ್ಲಿ ಬೆರೆತರೆ ಮಲಗಿದವರ ನಡುವೆ ವಾಹನ ಹಿಂದೆಗೆಯಬೇಕಾಗುತ್ತದೆ. ನಿಮ್ಮ ಪಾರ್ಕು ಚಿಕ್ಕದಾದರೆ ಸೇರುತಾಣದ ಪಾತ್ರವನ್ನು ಮಾತ್ರ ಒಪ್ಪಿಕೊಂಡು, ಮುಂದೆ ಎಲ್ಲಿಗೆ ಹೋಗಬೇಕೆಂದು ಫಲಕದಲ್ಲಿ ಬರೆಸಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹಂತ 2: ನಿಜವಾಗಿ ಸಿಗುವ ಜಾಗವನ್ನು ಅಳೆಯಿರಿ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿಯೇ, ಹಾಗಾಗಿ ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ. ಪಾರ್ಕು 2 ಹೆಕ್ಟೇರ್, ಅಂದರೆ 20,000 ಚದರ ಮೀಟರ್ ಎಂದುಕೊಳ್ಳಿ. ಕೊಳಕ್ಕೆ 1,500, ದಟ್ಟ ಗಿಡಮರಗಳಿಗೆ 3,000, ಕಡಿದಾದ ಇಳಿಜಾರಿಗೆ 1,000, ವಾಹನದ ದಾರಿಗೆ 1,000 ಕಳೆಯಿರಿ. ಪಕ್ಕದ ಕಟ್ಟಡ ಕುಸಿದರೆ ಅವಶೇಷ ಬೀಳುವ ಅಂಚಿಗೆ ಇನ್ನೂ 2,500 ಹೋಗುತ್ತದೆ. ಈ ಅಂಚು ಎಷ್ಟು ಅಗಲವಿರಬೇಕೆಂದು ಕಟ್ಟಡ ನೋಡಿದ ಎಂಜಿನಿಯರ್ ಹೇಳಬೇಕು. ಅವರು ಸಿಗುವವರೆಗೆ ಕಟ್ಟಡದ ಎತ್ತರದಷ್ಟೇ ಅಗಲವನ್ನು ಬಿಟ್ಟುಬಿಡುವುದು ಕ್ಷೇಮ. ಈಗ ಉಳಿದದ್ದು 11,000 ಚದರ ಮೀಟರ್.

ಕೆಲವು ಗಂಟೆ ನಿಂತು, ಕೂತು ಕಾಯಲು ತಲಾ 2 ಚದರ ಮೀಟರ್ ಹಿಡಿದರೆ ಇಲ್ಲಿ 5,500 ಜನ ಸೇರಬಹುದು. ವಾಸಕ್ಕೆ ಲೆಕ್ಕ ಬೇರೆ. ವಿಪತ್ತು ಪರಿಹಾರ ಸಂಸ್ಥೆಗಳು ಕೂಡಿ ರೂಪಿಸಿಕೊಂಡ ಕನಿಷ್ಠ ಅಳತೆಗಳಿಗೆ ಸ್ಫಿಯರ್ ಮಾನದಂಡ ಎನ್ನುತ್ತಾರೆ. ಅದರ ಪ್ರಕಾರ ಅಡುಗೆ, ಶೌಚ, ಓಡಾಟ ಎಲ್ಲ ಸೇರಿ ಶಿಬಿರದಲ್ಲಿ ತಲಾ 45 ಚದರ ಮೀಟರ್ ಬೇಕು. ಇಂಥ ಸಾಮೂಹಿಕ ಸೌಲಭ್ಯಗಳು ಪಕ್ಕದ ಶಾಲೆಯಲ್ಲೋ ಸಭಾಂಗಣದಲ್ಲೋ ಸಿಗುವಂತಿದ್ದರೆ 30 ಸಾಕು. ಅಂದರೆ ಅದೇ ಬಯಲಿನಲ್ಲಿ ವಾಸ ಮಾಡಬಲ್ಲವರು 244 ಜನ, ಹೆಚ್ಚೆಂದರೆ 366.

ಮಧ್ಯಾಹ್ನ ಐದೂವರೆ ಸಾವಿರ ಜನ ಸೇರಿದ ಜಾಗದಲ್ಲಿ ಒಂದು ವಾರ ಉಳಿಯಬಲ್ಲವರು ಕೆಲವು ನೂರು ಮಂದಿ ಮಾತ್ರ. ಈ ಎರಡೂ ಅಂಕಿಗಳನ್ನು ಬೇರೆ ಬೇರೆಯಾಗಿ ಬರೆದಿಡಿ. “ಸಾಮರ್ಥ್ಯ: 5,500” ಎಂದು ಒಂದೇ ಸಂಖ್ಯೆ ಬರೆದ ಕಡತ ನಗರಾಡಳಿತಕ್ಕೆ ಹೋದರೆ, ಅಷ್ಟು ಜನರಿಗೂ ರಾತ್ರಿಯ ವ್ಯವಸ್ಥೆ ಆಯಿತೆಂದೇ ಮೇಲಿನವರು ತಿಳಿಯುತ್ತಾರೆ.

ಗಾತ್ರದ ಬಗ್ಗೆ ಇನ್ನೊಂದು ಅಳತೆಗೋಲು: ಜಪಾನಿನಲ್ಲಿ ನೆರೆಹೊರೆಯ ತಾತ್ಕಾಲಿಕ ಸೇರುತಾಣಕ್ಕೆ 1 ಹೆಕ್ಟೇರ್, ಊರಿಗೆ ಊರೇ ಉರಿಯುವಾಗ ಆಶ್ರಯ ಕೊಡಬೇಕಾದ ವಿಶಾಲ ತಾಣಕ್ಕೆ 10 ಹೆಕ್ಟೇರ್ ಇರಬೇಕೆಂಬ ಮಾರ್ಗಸೂಚಿ ಇದೆ. ಸುತ್ತಲೂ ಬೆಂಕಿಯಿದ್ದರೆ ಅದರ ಝಳ ದೂರದವರೆಗೆ ಸುಡುತ್ತದೆ. ನಡುವೆ ನಿಂತವರನ್ನು ಕಾಪಾಡುವುದು ಆ ದೂರವೇ.

ಖಾಲಿ ಬಯಲನ್ನು ಖಾಲಿಯಾಗಿಯೇ ಉಳಿಸಿಕೊಳ್ಳುವುದು ವರ್ಷ ವರ್ಷದ ಜಗಳ. ಇಂದು ಒಂದು ಪ್ರತಿಮೆ, ನಾಳೆ ಕಾರಂಜಿ, ನಾಡಿದ್ದು ವ್ಯಾಯಾಮ ಸಲಕರಣೆಗಳ ಸಾಲು. ಯಾವುದೂ ಕೆಟ್ಟದ್ದಲ್ಲ, ಆದರೆ ಪ್ರತಿಯೊಂದೂ ಹತ್ತಾರು ಜನರ ಜಾಗ ತಿನ್ನುತ್ತದೆ. ಹೊಸದೇನಾದರೂ ಕಟ್ಟುವ ಪ್ರಸ್ತಾಪ ಬಂದಾಗ ಉಳಿಯುವ ಚದರ ಮೀಟರ್ ಎಷ್ಟೆಂದು ನಡಾವಳಿಯಲ್ಲಿ ಬರೆಯಲೇಬೇಕೆಂಬ ನಿಯಮ ಮಾಡಿಕೊಳ್ಳಿ.

ಹಂತ 3: ಗೇಟು, ದಾರಿ, ಬೀಗದ ಕೈ

ನನ್ನ ಮಟ್ಟಿಗೆ ಇದೇ ಅತಿ ಮುಖ್ಯ ಹಂತ, ಖರ್ಚೂ ಕಡಿಮೆ.

ಎತ್ತರದ ಬೇಲಿ, ಒಂದೇ ಗೇಟು, ಅದಕ್ಕೆ ರಾತ್ರಿ ಬೀಗ: ಇಷ್ಟಿದ್ದರೆ ಉಳಿದ ಒಂಬತ್ತು ಹಂತಗಳೂ ವ್ಯರ್ಥ. ನಡುರಾತ್ರಿ ನೆಲ ನಡುಗಿದಾಗ ಕಾವಲುಗಾರ ತನ್ನ ಮನೆಯವರನ್ನು ನೋಡಿಕೊಳ್ಳುತ್ತಿರುತ್ತಾನೆ. ಬೇರೆ ಬೇರೆ ದಿಕ್ಕಿನ ರಸ್ತೆಗಳಿಗೆ ತೆರೆದುಕೊಳ್ಳುವ ಕನಿಷ್ಠ ಮೂರು ದ್ವಾರಗಳನ್ನಿಡಿ, ಒಂದು ಕಡೆ ರಸ್ತೆ ಮುಚ್ಚಿಹೋದರೂ ಇನ್ನೊಂದು ಕಡೆಯಿಂದ ಬರುವಂತಿರಲಿ. ಬೇಲಿ ಬೇಕೇಬೇಕೆಂದರೆ ಮೊಣಕಾಲೆತ್ತರದ್ದು ಸಾಕು. ಎತ್ತರದ ಬೇಲಿ ಈಗಾಗಲೇ ಇದ್ದರೆ ಅದರ ಕೆಲವು ಭಾಗಗಳನ್ನು ಒಳಗಿನಿಂದಲೂ ಹೊರಗಿನಿಂದಲೂ ಕಳಚುವಂತೆ ಮಾಡಿಸಿ. ಕೀಲಿಕೈ ಪಾರ್ಕಿನ ಸುತ್ತಲಿನ ಬೇರೆ ಬೇರೆ ಬೀದಿಗಳ ನಾಲ್ಕೈದು ಮನೆಗಳಲ್ಲಿರಲಿ. ಪ್ಯಾರಿಸ್ ನಗರ ಬಿಸಿಲಿನ ಅಲೆಯ ದಿನಗಳಲ್ಲಿ ಕೆಲವು ಪಾರ್ಕುಗಳನ್ನು ರಾತ್ರಿಯಿಡೀ ತೆರೆದಿಡುತ್ತದೆ. ಬೀಗ ತೆಗೆಯುವ ತೀರ್ಮಾನವೇ ಅಲ್ಲಿ ಒಂದು ವಿಪತ್ತು ಯೋಜನೆ.

ಅಗ್ನಿಶಾಮಕ ವಾಹನ, ನೀರಿನ ಟ್ಯಾಂಕರ್ ಒಳಗೆ ಬರಲು ಕನಿಷ್ಠ 4 ಮೀಟರ್ ಅಗಲದ ಒಂದು ದಾರಿ ಬೇಕು. ಠಾಣೆಯವರು ಇನ್ನೂ ಹೆಚ್ಚು ಕೇಳಿದರೆ ಅವರ ಮಾತೇ ಅಂತಿಮ. ಪಾರ್ಕೆಲ್ಲ ಡಾಂಬರು ಹಾಕಬೇಕೆಂದಿಲ್ಲ, ರಂಧ್ರಗಳಲ್ಲಿ ಹುಲ್ಲು ಬೆಳೆಯುವ ಕಾಂಕ್ರೀಟ್ ಬಿಲ್ಲೆಗಳನ್ನು ಹಾಸಿದರೆ ನೋಡಲು ಹಸಿರಾಗಿದ್ದು ಭಾರವನ್ನೂ ತಾಳುತ್ತದೆ. ಆದರೆ ಅಡಿಪಾಯದ ಜಲ್ಲಿ ಪದರವನ್ನು ಲಾರಿಯ ತೂಕಕ್ಕೇ ಲೆಕ್ಕ ಹಾಕಿಸಿ, ಕಾರಿನ ತೂಕಕ್ಕಲ್ಲ. ದ್ವಾರದಲ್ಲಿ ವಾಹನ ತಡೆಯಲು ನೆಟ್ಟ ಕಂಬಗಳು ಕಳಚಿ ತೆಗೆಯುವಂತಿರಲಿ. ಕಮಾನು ಕಟ್ಟಿಸುವ ಆಸೆಯಿದ್ದರೆ ದಯವಿಟ್ಟು ಎತ್ತರ ನೋಡಿ, ಲಾರಿ ಸಿಕ್ಕಿಕೊಳ್ಳುವುದು ಅಲ್ಲಿಯೇ.

ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ ಕಡಿದಾಗಬಾರದು: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಮುಖ್ಯ ದ್ವಾರದಲ್ಲಿ ಮಾತ್ರ ಇಳಿಜಾರು ಮಾಡಿ ಉಳಿದೆಡೆ ಮೆಟ್ಟಿಲು ಬಿಟ್ಟರೆ, ಮುಖ್ಯ ದ್ವಾರದ ರಸ್ತೆ ಮುಚ್ಚಿದ ದಿನ ನಡೆಯಲಾರದವರು ಹೊರಗುಳಿಯುತ್ತಾರೆ.

ಹಂತ 4: ಬೆಂಕಿಗೆ ಅಡ್ಡಗಟ್ಟು

1923ರ ಸೆಪ್ಟೆಂಬರ್ 1ರ ಕಾಂಟೊ ಭೂಕಂಪದ ದಿನ ಟೋಕಿಯೊದಲ್ಲಿ ನಡೆದದ್ದನ್ನು ಈ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಸೈನ್ಯದ ಹಳೆಯ ಉಡುಪು ಕಾರ್ಖಾನೆಯ ಜಾಗ ಆಗ ಖಾಲಿ ಬಯಲಾಗಿತ್ತು, ಆರು ಹೆಕ್ಟೇರಿಗೂ ಮಿಗಿಲು. ಸುತ್ತಲಿನವರೆಲ್ಲ ಹಾಸಿಗೆ, ಪೀಠೋಪಕರಣ, ಗಂಟುಮೂಟೆ ಸಮೇತ ಅಲ್ಲಿಗೆ ಬಂದು ತುಂಬಿದರು. ಬೆಂಕಿಯ ಸುಂಟರಗಾಳಿ ಬಂದಾಗ ಆ ಗಂಟುಮೂಟೆಗಳೇ ಹೊತ್ತಿಕೊಂಡವು. ಅದೊಂದೇ ಜಾಗದಲ್ಲಿ ಸುಮಾರು 38,000 ಜನ ಸತ್ತರು. ಅದೇ ನಗರದ ಉಯೆನೊ ಪಾರ್ಕಿನಲ್ಲಿ ಮರಗಳಿದ್ದವು, ನೀರಿತ್ತು, ಎತ್ತರದ ನೆಲವಿತ್ತು. ಲಕ್ಷಾಂತರ ಜನ ಬದುಕಿಕೊಂಡರು. ಬರೇ ಬಯಲು ಸಾಲದು ಎಂದು ಕಲಿತ ನಗರ, ಪುನರ್ನಿರ್ಮಾಣದಲ್ಲಿ 3 ದೊಡ್ಡ ಪಾರ್ಕುಗಳನ್ನೂ ಪ್ರಾಥಮಿಕ ಶಾಲೆಗಳ ಮಗ್ಗುಲಲ್ಲಿ 52 ಚಿಕ್ಕ ಪಾರ್ಕುಗಳನ್ನೂ ನಿರ್ಮಿಸಿತು. ಶಾಲೆಯ ಕಟ್ಟಡ, ಪಕ್ಕದಲ್ಲೇ ಬಯಲು: ಈ ಜೋಡಿ ಇಂದಿಗೂ ಅತ್ಯುತ್ತಮ.

ನೀವು ಮಾಡಬೇಕಾದದ್ದು: ಪಾರ್ಕಿನ ಅಂಚಿನಲ್ಲಿ ದಪ್ಪ, ತೇವಭರಿತ ಎಲೆಗಳ ನಿತ್ಯಹಸಿರು ಮರಗಳನ್ನು ಎರಡು ಮೂರು ಸಾಲಾಗಿ ಬೆಳೆಸಿ. 1995ರ ಕೋಬೆ ಭೂಕಂಪದಲ್ಲಿ ನಗಾತಾ ಭಾಗದ ಒಂದು ಪುಟ್ಟ ಪಾರ್ಕಿನ ಅಂಚಿನ ಮರಗಳು ತಾವು ಕರಟಿ ಬೆಂಕಿಯನ್ನು ತಡೆದವು. ರಾಳ ಅಥವಾ ಎಣ್ಣೆ ತುಂಬಿದ ಪೈನ್, ನೀಲಗಿರಿಯಂಥವು ಅಂಚಿಗೆ ಬೇಡ. ಬಿದಿರಿನ ಮೆಳೆಯನ್ನು ಒಣಗಲು ಬಿಟ್ಟರೆ ಅದೂ ಅಪಾಯವೇ. ಉದುರಿದ ಎಲೆಗಳನ್ನು ಮೂಲೆಯಲ್ಲಿ ರಾಶಿ ಹಾಕುವ ಅಭ್ಯಾಸವನ್ನು ನಿಲ್ಲಿಸಿ.

ಎಚ್ಚರಿಕೆ: ಶಿಬಿರಕ್ಕೆ ಬರುವವರ ಸಾಮಾನಿಗೆ ಮೊದಲೇ ಮಿತಿ ಹೇಳಿರಬೇಕು, ದೊಡ್ಡ ಸಾಮಾನಿಗೆ ಡೇರೆಗಳಿಂದ ದೂರದಲ್ಲಿ ಪ್ರತ್ಯೇಕ ಜಾಗ ಗುರುತಿಸಿರಬೇಕು. ಎರಡು ಡೇರೆಗಳ ನಡುವೆ ಕನಿಷ್ಠ 2 ಮೀಟರ್ ಅಂತರ, ದೊಡ್ಡ ಶಿಬಿರವಾದರೆ ಪ್ರತಿ 300 ಮೀಟರಿಗೆ 30 ಮೀಟರ್ ಅಗಲದ ಖಾಲಿ ಪಟ್ಟಿ ಬಿಡಬೇಕೆಂಬುದು ಸ್ಫಿಯರ್ ಅಳತೆ.

ಹಂತ 5: ನೀರನ್ನು ತುಂಬಿಕೊಳ್ಳುವ ಪಾರ್ಕು

ನಿಮ್ಮ ಭಾಗದ ಸಮಸ್ಯೆ ನೆರೆಯಾದರೆ ಪಾರ್ಕಿನ ಕೆಲಸ ತಿರುಗುಮುರುಗಾಗುತ್ತದೆ. ಜನರ ಬದಲು ನೀರನ್ನು ಒಳಗೆ ಕರೆದುಕೊಳ್ಳಬೇಕು. 2011ರ ಜುಲೈ 2ರ ಮೇಘಸ್ಫೋಟದಿಂದ ಪಾಠ ಕಲಿತ ಕೋಪನ್‌ಹೇಗನ್, ಹಳೆಯ ಎಂಗ್‌ಹೇವ್ ಪಾರ್ಕನ್ನು ಮರುರೂಪಿಸಿ 2019ರಲ್ಲಿ ತೆರೆಯಿತು. ಅದೀಗ 22,600 ಘನ ಮೀಟರ್ ನೀರನ್ನು ಹಿಡಿಯಬಲ್ಲದು. ಅಂಚಿನ ತಗ್ಗು ಗೋಡೆ ನೀರನ್ನು ತಡೆಯುತ್ತದೆ, ಉಳಿದ ದಿನ ಜನ ಅದರ ಮೇಲೆ ಕೂರುತ್ತಾರೆ. ರಾಟರ್‌ಡ್ಯಾಮ್‌ನ ಬೆಂಥೆಮ್‌ಪ್ಲೇನ್ ಚೌಕದಲ್ಲಿ ತಗ್ಗಿಸಿದ ಆಟದ ಅಂಗಳವೇ ಮಳೆಯ ತೊಟ್ಟಿ. ಬ್ಯಾಂಕಾಕ್‌ನ ಚುಲಾಲೊಂಗ್‌ಕಾರ್ನ್ ಶತಮಾನೋತ್ಸವ ಪಾರ್ಕಿನ ನೆಲವನ್ನೇ ಒಂದು ಕಡೆಗೆ ಓರೆಯಾಗಿಸಿ, ಇಳಿದ ನೀರನ್ನು ಕೊಳಕ್ಕೆ ಸೇರಿಸಿದ್ದಾರೆ.

ಲೆಕ್ಕ ಸುಲಭ. 3,000 ಚದರ ಮೀಟರಿನ ಹುಲ್ಲುಹಾಸನ್ನು ಬರೀ 20 ಸೆಂಟಿಮೀಟರ್ ತಗ್ಗಿಸಿದರೆ 600 ಘನ ಮೀಟರ್, ಅಂದರೆ 6 ಲಕ್ಷ ಲೀಟರ್ ನಿಲ್ಲುತ್ತದೆ. ಕಷ್ಟವಿರುವುದು ಬೇರೆಡೆ: ನೀರು ಎಲ್ಲಿಂದ ಒಳಬರುತ್ತದೆ, ತುಂಬಿದ ಮೇಲೆ ಎಲ್ಲಿಂದ ಉಕ್ಕಿ ಹೋಗುತ್ತದೆ, ಒಂದೆರಡು ದಿನಗಳಲ್ಲಿ ಪೂರ್ತಿ ಬರಿದಾಗುತ್ತದೆಯೇ ಎಂಬ ಮೂರು ಪ್ರಶ್ನೆಗಳಲ್ಲಿ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ನೀವು ಸೊಳ್ಳೆ ಸಾಕುತ್ತೀರಿ. ಒಳಚರಂಡಿ ಉಕ್ಕಿ ಬೆರೆಯುವ ಜಾಗವಾದರೆ, ನೀರಿಳಿದ ಮೇಲೆ ನೆಲ ತೊಳೆದು ಶುದ್ಧ ಮಾಡುವವರೆಗೆ ಮಕ್ಕಳನ್ನು ಬಿಡಬಾರದು.

ಹರಿಯುವ ನೀರಿಗೆ ಜಾಗ ಕೊಡುವುದಾದರೆ ಮುನ್ನೆಚ್ಚರಿಕೆಯ ವ್ಯವಸ್ಥೆ ಕಡ್ಡಾಯ. ಸಿಂಗಪುರದ ಬಿಶಾನ್ ಪಾರ್ಕಿನಲ್ಲಿ ಕಾಂಕ್ರೀಟ್ ಕಾಲುವೆಯನ್ನು ಒಡೆದು ನದಿಯನ್ನು ಮತ್ತೆ ಬಳುಕಿ ಹರಿಯಲು ಬಿಟ್ಟರು. ಜೊತೆಗೆ ನೀರಿನ ಮಟ್ಟ ಅಳೆಯುವ ಸಂವೇದಕ, ಎಚ್ಚರಿಕೆಯ ದೀಪ, ಸೈರನ್‌ಗಳನ್ನೂ ಇಟ್ಟರು. ಚೆಂದದ ಚಿತ್ರ ನೋಡಿ ಮೊದಲ ಅರ್ಧವನ್ನಷ್ಟೇ ನಕಲು ಮಾಡಬೇಡಿ.

ಹಂತ 6: ಕುಡಿಯುವ ನೀರು, ಶೌಚಾಲಯ

ಬದುಕುಳಿಯಲು ತಲಾ ದಿನಕ್ಕೆ ಸುಮಾರು 3 ಲೀಟರ್ ನೀರು ಬೇಕು, ವಾಸಕ್ಕೆ ಕನಿಷ್ಠ 15 ಲೀಟರ್. ನಮ್ಮ ಉದಾಹರಣೆಯ ಪಾರ್ಕಿನಲ್ಲಿ ಮೊದಲ ದಿನಕ್ಕೆ 16,500 ಲೀಟರ್, ಮುಂದೆ 244 ಜನರ ಶಿಬಿರಕ್ಕೆ ದಿನಕ್ಕೆ 3,660 ಲೀಟರ್. ನೆಲದಡಿ ಕಟ್ಟಿದ ಸಂಪು ಪ್ರತ್ಯೇಕವಾಗಿ ನಿಂತ ನೀರಾಗಿದ್ದರೆ ಕೆಲವೇ ತಿಂಗಳಲ್ಲಿ ಕೆಡುತ್ತದೆ. ನಗರದ ಕೊಳವೆಯ ನೀರು ದಿನವೂ ಅದರ ಮೂಲಕವೇ ಹಾದುಹೋಗುವಂತೆ ಜೋಡಿಸಿ, ಕೊಳವೆ ಒಡೆದರೆ ಮುಚ್ಚಿಕೊಳ್ಳುವ ಕವಾಟ ಇಡಿಸಿ. ವಿದ್ಯುತ್ ಇಲ್ಲದೆ ನೀರೆತ್ತಲು ಕೈಪಂಪು ಇರಲೇಬೇಕು. ಒಂದು ನಲ್ಲಿಗೆ 250ಕ್ಕಿಂತ ಹೆಚ್ಚು ಜನ ಆಗಬಾರದು.

ಶೌಚಾಲಯ ಆರಂಭದಲ್ಲಿ 50 ಜನರಿಗೆ ಒಂದು, ಆದಷ್ಟು ಬೇಗ 20 ಜನರಿಗೆ ಒಂದು. ಹೆಂಗಸರಿಗೆ ಮೂರು ಇದ್ದರೆ ಗಂಡಸರಿಗೆ ಒಂದು ಎಂಬ ಪ್ರಮಾಣ. ಡೇರೆಯಿಂದ 50 ಮೀಟರಿನೊಳಗೆ, ಬೆಳಕಿರುವ ದಾರಿಯಲ್ಲಿ, ಒಳಗಿನಿಂದ ಚಿಲಕ ಹಾಕುವಂತೆ. ಇದರಲ್ಲಿ ರಾಜಿ ಬೇಡ. ಕತ್ತಲ ಮೂಲೆಯಲ್ಲಿಟ್ಟ ಶೌಚಾಲಯವನ್ನು ತಪ್ಪಿಸಲು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಗುಂಡಿ ತೋಡುವುದಾದರೆ ಬಾವಿ, ಕೊಳವೆಬಾವಿಯಿಂದ ಕನಿಷ್ಠ 30 ಮೀಟರ್ ದೂರ.

ಜಪಾನಿನ ಪಾರ್ಕುಗಳಲ್ಲಿ ಕಾಣುವ ಮ್ಯಾನ್‌ಹೋಲ್ ಶೌಚಾಲಯ ಒಳ್ಳೆಯ ಉಪಾಯ. ಹಾದಿಯ ಕೆಳಗೆ ಒಳಚರಂಡಿಗೆ ಕೂಡಿದ ಕೊಳವೆ, ಮೇಲೆ ಸಾಲಾಗಿ ಮುಚ್ಚಳಗಳು. ತುರ್ತಿನಲ್ಲಿ ಮುಚ್ಚಳ ತೆಗೆದು ಆಸನ ಇಟ್ಟು ಸುತ್ತ ಡೇರೆ ಕಟ್ಟುತ್ತಾರೆ. ಆದರೆ ಮುಂದಿನ ಒಳಚರಂಡಿ ಒಡೆದಿದ್ದರೆ ಅದು ಕೆಲಸ ಮಾಡದು. ಆ ಸಂಶಯವಿರುವಲ್ಲಿ ಕೊಳವೆಯ ಕೊನೆಗೆ ಸಂಗ್ರಹ ತೊಟ್ಟಿ ಸೇರಿಸಿ. ನೀರು ಸುರಿಯಲು ಕೊಳದ ನೀರೇ ಸಾಕು.

ಹಂತ 7: ಬೆಳಕು, ವಿದ್ಯುತ್, ಅಡುಗೆ

ದ್ವಾರ, ಶೌಚಾಲಯ, ನಲ್ಲಿ, ಮಾಹಿತಿ ಫಲಕ ಈ ನಾಲ್ಕಕ್ಕೆ ಮೊದಲು ಸೌರದೀಪ, ಉಳಿದದ್ದೆಲ್ಲ ಆಮೇಲೆ. ಬ್ಯಾಟರಿ ಬದಲಿಸುವ ಹಣವನ್ನು ಕೊಳ್ಳುವ ದಿನವೇ ಆಯವ್ಯಯದಲ್ಲಿ ತೆಗೆದಿಡಿ. ಮೊಬೈಲ್ ಚಾರ್ಜ್ ಮಾಡುವ ಒಂದು ಕಂಬವಿದ್ದರೆ ಅಲ್ಲಿ ಊಟದ ಸಾಲಿಗಿಂತ ಉದ್ದನೆಯ ಸಾಲು ನಿಲ್ಲುತ್ತದೆ, ಆದ್ದರಿಂದ ಅದನ್ನು ದ್ವಾರಕ್ಕೆ ಅಡ್ಡವಾಗಿ ಇಡಬೇಡಿ. ಆಸನದ ಹಲಗೆ ತೆಗೆದರೆ ಒಲೆಯಾಗುವ ಬೆಂಚುಗಳೂ ಇವೆ. ವರ್ಷಕ್ಕೊಮ್ಮೆ ಉರಿಸಿ ನೋಡದಿದ್ದರೆ ಅವು ಬೆಂಚುಗಳಾಗಿಯೇ ಉಳಿಯುತ್ತವೆ. ಬಳ್ಳಿ ಹಬ್ಬಿಸುವ ಚಪ್ಪರದ ಕಂಬಗಳಿಗೆ ಟಾರ್ಪಾಲು ಕಟ್ಟುವ ಕೊಕ್ಕೆ ಹಾಕಿಸುವುದು ಇವೆಲ್ಲಕ್ಕಿಂತ ಅಗ್ಗ.

ಹಂತ 8: ಬಿಸಿಲು ಮತ್ತು ಸೋಂಕು

ಬಿಸಿಲಿನ ಅಲೆಗೆ ಬೇಕಾದದ್ದು ನೆರಳು, ಕುಡಿಯುವ ನೀರು, ಕೂರುವ ಜಾಗ. ಹುಲ್ಲುಹಾಸು ಕಣ್ಣಿಗೆ ತಂಪು, ಮಧ್ಯಾಹ್ನದ ಮೈಗೆ ಮರದ ನೆರಳೇ ಬೇಕು. ಬೆಂಚುಗಳನ್ನು ಮಧ್ಯಾಹ್ನ ಎರಡು ಗಂಟೆಯ ನೆರಳು ಎಲ್ಲಿ ಬೀಳುತ್ತದೋ ಅಲ್ಲಿಗೆ ಸರಿಸಿ. ಸೋಂಕಿನ ಕಾಲದಲ್ಲಿ ಪಾರ್ಕು ಮುಚ್ಚುವುದು ಸುಲಭದ ಆದೇಶ, ಆದರೆ ಚಿಕ್ಕ ಮನೆಗಳಲ್ಲಿರುವವರಿಗೆ ಅದೊಂದೇ ಬಯಲು. 2020ರಲ್ಲಿ ನ್ಯೂಯಾರ್ಕಿನ ಡೊಮಿನೊ ಪಾರ್ಕಿನಲ್ಲಿ ಹುಲ್ಲಿನ ಮೇಲೆ ವೃತ್ತಗಳನ್ನು ಬರೆದು ಅಂತರದಲ್ಲಿ ಕೂರಿಸಿದರು. ಅದೇ ನಗರದ ಸೆಂಟ್ರಲ್ ಪಾರ್ಕಿನಲ್ಲಿ 68 ಹಾಸಿಗೆಗಳ ಡೇರೆ ಆಸ್ಪತ್ರೆ ಎದ್ದಿತು. ಅಂಥದ್ದಕ್ಕೆ ಗಟ್ಟಿ ನೆಲ, ನೀರು, ವಿದ್ಯುತ್, ಆಸ್ಪತ್ರೆಯ ಸಾಮೀಪ್ಯ ಬೇಕು. ಬಡಾವಣೆಯ ಪಾರ್ಕು ಅದರ ಕನಸು ಕಾಣಬೇಕಿಲ್ಲ.

ಹಂತ 9: ಹೊಣೆ ಹಂಚಿ, ನಡೆಸಿ ನೋಡಿ

ಒಂದು ಹಾಳೆಯ ಒಪ್ಪಂದ ಸಾಕು: ತೆರೆಯುವವರು ಯಾರು, ನೀರಿನ ಹೊಣೆ ಯಾರದು, ಹೆಸರು ಬರೆದುಕೊಳ್ಳುವವರು ಯಾರು, ನಗರಾಡಳಿತಕ್ಕೆ ಕರೆ ಮಾಡುವವರು ಯಾರು. ಪ್ರತಿ ಕೆಲಸಕ್ಕೂ ಇಬ್ಬರು, ಅವರು ಬೇರೆ ಬೇರೆ ಮನೆಯವರು. ಸೇರುತಾಣದ ಹಸಿರು ಫಲಕವನ್ನು ಪಾರ್ಕಿನ ಒಳಗೆ ಮಾತ್ರವಲ್ಲ, ಅಲ್ಲಿಗೆ ಬರುವ ತಿರುವುಗಳಲ್ಲೂ ನಿಲ್ಲಿಸಿ. ಕಳೆದುಹೋದವರ ಹೆಸರು ಅಂಟಿಸಲು ಖಾಲಿ ಹಲಗೆಯೊಂದಿರಲಿ. ಸಾಕುಪ್ರಾಣಿಗಳಿಗೆ ಒಂದು ಮೂಲೆ ಗೊತ್ತುಮಾಡಿ, ಇಲ್ಲದಿದ್ದರೆ ಅವುಗಳನ್ನು ಬಿಟ್ಟುಬರಲಾರದವರು ಅಪಾಯದ ಮನೆಯಲ್ಲೇ ಉಳಿಯುತ್ತಾರೆ.

ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ ನಡೆಸಿ, ಅಂದರೆ ವಿಪತ್ತು ಆಗಿದೆಯೆಂದುಕೊಂಡು ಎಲ್ಲವನ್ನೂ ಮಾಡಿ ನೋಡುವುದು. ಭಾನುವಾರ ಬೆಳಿಗ್ಗೆ ಭಾಷಣ ಮಾಡಿ ಫೋಟೊ ತೆಗೆಸಿಕೊಂಡರೆ ಅದು ಅಣಕವಷ್ಟೇ. ರಾತ್ರಿ, ಬೀದಿದೀಪ ಆರಿಸಿ, ಕೀಲಿಕೈ ಇಟ್ಟುಕೊಂಡವರಲ್ಲಿ ಇಬ್ಬರು ಊರಲ್ಲಿಲ್ಲವೆಂದುಕೊಂಡು ನಡೆಸಿ.

ಹಂತ 10: ತೆರವಿನ ಯೋಜನೆಯನ್ನೂ ಮೊದಲೇ ಬರೆಯಿರಿ

ಶಿಬಿರ ಹಾಕುವುದಕ್ಕಿಂತ ಎಬ್ಬಿಸುವುದು ಕಷ್ಟ, ಎಬ್ಬಿಸಿದರೆ ಹೋಗಲು ಅವರಿಗೆ ಜಾಗವಿರಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೇರೆಗಳ ನಂತರ ಪಾರ್ಕುಗಳಲ್ಲಿ 5,610 ಪುಟ್ಟ ಮರದ ಮನೆಗಳನ್ನು ಕಟ್ಟಿದರು. ವಾಸವಿದ್ದವರು ಕಟ್ಟುವ ಬಾಡಿಗೆಯನ್ನು ಮನೆಯ ಬೆಲೆಗೇ ವಜಾ ಮಾಡಿಕೊಂಡು, ಮನೆಯನ್ನು ಎತ್ತಿಕೊಂಡು ಹೋಗಿ ತಮ್ಮ ನಿವೇಶನದಲ್ಲಿ ಇಟ್ಟುಕೊಳ್ಳಲು ಬಿಟ್ಟರು. 1908ರ ಹೊತ್ತಿಗೆ ಶಿಬಿರಗಳು ಮುಚ್ಚಿದವು, ಜನರಿಗೂ ಮನೆಯಾಯಿತು. ನಿಮ್ಮ ಯೋಜನೆಯಲ್ಲೂ ಶಿಬಿರ ಎಷ್ಟು ದಿನ, ಆಮೇಲೆ ಜನ ಎಲ್ಲಿಗೆ, ಅವರನ್ನು ಸಾಗಿಸುವ ಹೊಣೆ ಯಾರದು ಎಂಬುದನ್ನು ನಗರಾಡಳಿತದ ಸಹಿಯೊಂದಿಗೆ ಬರೆಸಿಕೊಳ್ಳಿ.

ಜನ ಹೊರಟ ಮೇಲೆ ಕೂಡಲೇ ಹುಲ್ಲು ಹಾಸಲು ಹೋಗಬೇಡಿ. ಸಾವಿರಾರು ಕಾಲು, ಲಾರಿಯ ಚಕ್ರಗಳಿಂದ ಮಣ್ಣು ಗಟ್ಟಿಯಾಗಿರುತ್ತದೆ, ನೀರು ಇಂಗುವುದಿಲ್ಲ, ಮರಗಳ ಬೇರಿಗೆ ಗಾಳಿ ಸಿಗುವುದಿಲ್ಲ. ಮೊದಲು ಶೌಚಗುಂಡಿಗಳನ್ನು ಶುದ್ಧಮಾಡಿ ಮುಚ್ಚಿ, ಡೇರೆಯ ಗೂಟ, ಮೊಳೆ, ತಂತಿಗಳನ್ನು ಆಯ್ದು ತೆಗೆಯಿಸಿ. ಬಯಲಿನ ಮಣ್ಣನ್ನು ಸಡಿಲಗೊಳಿಸಿ ಗೊಬ್ಬರ ಬೆರೆಸಿ. ಮರಗಳ ಬುಡದಲ್ಲಿ ಮಾತ್ರ ಅಗೆಯದೆ, ಬೇರು ತಪ್ಪಿಸಿ ಕಿರಿದಾದ ರಂಧ್ರಗಳನ್ನು ಕೊರೆಸಿ ಕಾಂಪೋಸ್ಟ್ ತುಂಬಿಸಿ. ಮುಂದಿನ ಒಂದೆರಡು ಬೇಸಿಗೆ ಆ ಮರಗಳಿಗೆ ನೀರು ಕೊಡುವ ಕೆಲಸವನ್ನೂ ಯಾರಿಗಾದರೂ ಹೆಸರು ಹಿಡಿದು ಒಪ್ಪಿಸಿ.